ಎರಡು ಬಾಗಿಲು, ಎರಡು ತೂತು

ಕಾಲ್ಡರ್ ಊರಿನ ಪೊಲೀಸರು ಲೂಷಸ್ ಪೆಟ್ವೇಯ ಕಾರನ್ನು, ಬೀದಿಗೆಲ್ಲ ಕೇಳುವ ಹಾಗೆ ಸದ್ದು ಮಾಡಿದನೆಂದು ಹೇಳಿ ಎಳೆದುಕೊಂಡು ಹೋದರು. ಕಾರಿನಲ್ಲಿದ್ದದ್ದು ಒಂದೇ ಸ್ಪೀಕರು. ಅದರ ಸದ್ದು ಹೊರಡಿಸುವ ಕಾಗದ ಹರಿದಿತ್ತು. ಚಳಿಗಾಲ ಕಳೆದು ಕಾರು ವಾಪಸಾದಾಗ ಎರಡೂ ಬಾಗಿಲುಗಳಿಗೆ ತಟ್ಟೆಯಗಲದ ತೂತು ಬಿದ್ದಿತ್ತು.

ಆ ಕಾರು ವರ್ಲೀನ್ ಟಿಬ್ಸ್‌ಳ ಅಂಗಡಿಯ ಮುಂದೆ ಬಂದು ನಿಂತದ್ದು ಏಪ್ರಿಲ್ ತಿಂಗಳಲ್ಲಿ, ರಸ್ತೆಯಂಚಿನ ಕೊಳಕು ಹಿಮ ಇನ್ನೂ ಪೂರ್ತಿ ಕರಗದಿದ್ದ ಒಂದು ಬೆಳಿಗ್ಗೆ. ಅವಳು ಶಟರು ಎತ್ತುವ ಮೊದಲೇ ಸದ್ದಿನಿಂದ ಗುರುತು ಹಿಡಿದಳು. ಮಿಶಿಗನ್ನಿನ ಆ ಮೂಲೆಯಲ್ಲಿ ಅಂಥ ಎಂಜಿನ್ನು ಒಂದೇ ಉಳಿದಿತ್ತು: ಎಪ್ಪತ್ತರ ಮಾಡೆಲ್ಲಿನ ಪ್ಲಿಮತ್, ನೇರಳೆ ಹಣ್ಣಿನ ಬಣ್ಣ, ಉದ್ದ ಮೂತಿ. ನಿಂತಲ್ಲೇ ನೆಲ ನಡುಗಿಸುವ ಗಾಡಿ. ವರ್ಲೀನಳ ಅಪ್ಪ ಬದುಕಿದ್ದಾಗ ಲೂಷಸ್‌ನನ್ನು ಕೆಣಕುತ್ತಿದ್ದ: "ನಿನ್ನ ಕಾರು ಕೆಮ್ಮಿದ್ರೆ ಹುಲಿ ಕಣಯ್ಯಾ, ಹಾಡೋಕೆ ಕೂತ್ರೆ ನೆಗಡಿ ಹಿಡಿದ ಸೊಳ್ಳೆ. ಬಾಗಿಲಿಗೆ ಎರಡು ಸ್ಪೀಕರ್ ಕೂರಿಸ್ತೀನಿ, ಬಿಡು." ಲೂಷಸ್ ಬಿಡುತ್ತಿರಲಿಲ್ಲ. ಊರಿನ ಕಾರ್ಖಾನೆಯಲ್ಲಿ ಬಾಗಿಲು ಒತ್ತುವ ಯಂತ್ರದ ಮುಂದೆ ನಿಂತೇ ಅವನ ಪ್ರಾಯ ಕಳೆದಿತ್ತು. ತಾನು ಒತ್ತಿದ ತಗಡಿಗೆ ತಾನೇ ಗರಗಸ ಹಾಕಿಸುವುದು ಅವನಿಂದಾಗದ ಮಾತು. ಕಾರ್ಖಾನೆ ಮುಚ್ಚಿ ಎಲ್ಲರನ್ನೂ ಮನೆಗೆ ಕಳಿಸಿದ ಮೇಲಂತೂ, ಅವನ ದುಡಿಮೆಗೆ ಸಾಕ್ಷಿಯಾಗಿ ಉಳಿದದ್ದು ಆ ಎರಡು ಬಾಗಿಲು ಮಾತ್ರ.

"ಸ್ಪೀಕರ್ ಹಾಕ್ಬೇಕು ಮಗಳೇ," ಅಂದ ಲೂಷಸ್, ಕಾರಿನಿಂದ ಇಳಿಯುತ್ತ. "ಒಳ್ಳೇದು. ನಿನ್ನ ಹತ್ರ ಇರೋದ್ರಲ್ಲೇ ಒಳ್ಳೇದು."

ವರ್ಲೀನ್ ನಕ್ಕಳು. "ನೀವಾ, ಮಿಸ್ಟರ್ ಲೂಷಸ್? ಈ ಕಾರಿಗೆ ಸೂಜಿ ಚುಚ್ಚೋಕೂ ಬಿಡದ ನೀವಾ?"

"ಚುಚ್ಚಿ ಆಗಿದೆ. ನೋಡು ಬಾ."

ಅವನು ಬಾಗಿಲು ತೆರೆದ. ಒಳಹೊದಿಕೆಯಲ್ಲಿ ದುಂಡನೆಯ ಕಂಡಿ, ಅದರ ಹಿಂದೆ ಕತ್ತಲು. ಆ ಬದಿಗೂ ಹಾಗೇ. ವರ್ಲೀನಳ ನಗು ಅಲ್ಲೇ ನಿಂತಿತು.

"ದೊಡ್ಡೀಲಿ ಮಾಡಿದ್ದಾ?"

ಪೊಲೀಸರು ಎಳೆದೊಯ್ದ ಕಾರುಗಳನ್ನು ಕೂಡಿಹಾಕುವ ಬಯಲನ್ನು, ಅದರ ಶೆಡ್ಡನ್ನು ಊರವರೆಲ್ಲ ದೊಡ್ಡಿ ಎನ್ನುತ್ತಿದ್ದರು. ಬೇಲಿ ಹಾರಿದ ದನಕ್ಕೆ ಮಾತ್ರ ದೊಡ್ಡಿಯಿದ್ದ ಕಾಲ ಹೋಯಿತು. ಈಗ ನದಿಯ ಈಚೆ ದಡದಲ್ಲಿ, ಕರಿಯರ ಬೀದಿಗಳಲ್ಲಿ, ಯಾರ ಕಾರಿನ ಕಿಟಕಿಯಿಂದ ಹಾಡು ಹೊರಬಿದ್ದರೂ ಅದು ಬೇಲಿ ಹಾರಿದ ದನವೇ. ಸದ್ದಿನ ಕಾನೂನು ಎಂದು ಅದಕ್ಕೊಂದು ಹೆಸರು. ಆಚೆ ದಡದಲ್ಲಿ, ಬಿಳಿಯರ ಮನೆಗಳೆದುರು, ಹುಲ್ಲು ಕತ್ತರಿಸುವ ಯಂತ್ರಗಳು ಭಾನುವಾರವಿಡೀ ಅರಚಿದರೂ ಯಾರೂ ಅವನ್ನು ಕಟ್ಟಿಕೊಂಡು ಹೋಗಲಿಲ್ಲ. ಲೂಷಸ್ ಅಂದು ಕೇಳುತ್ತಿದ್ದದ್ದು ಹಾಡೂ ಅಲ್ಲ. ಚರ್ಚಿನ ಊಟ ಮುಗಿಸಿ, ನೆರಳಲ್ಲಿ ಕಾರು ನಿಲ್ಲಿಸಿ, ಬೇಸ್‌ಬಾಲ್ ಆಟದ ವರದಿ ಕೇಳುತ್ತ ಕಣ್ಣು ಮುಚ್ಚಿದ್ದ. ಕಿವಿಯನ್ನು ಸ್ಪೀಕರಿನ ಹತ್ತಿರ ಒಯ್ಯದಿದ್ದರೆ ಯಾರು ಗೆದ್ದರೆಂದು ಅವನಿಗೇ ತಿಳಿಯುತ್ತಿರಲಿಲ್ಲ.

"ಅವರು ಏನಂತಾರೆ?"

"ತೂತು ಮೊದಲೇ ಇತ್ತು ಅಂತಾರೆ. ಅದರಲ್ಲಿ ದೊಡ್ಡ ಸ್ಪೀಕರ್ ಇತ್ತು, ನೀನೇ ಬಿಚ್ಚಿಟ್ಟಿದೀಯ ಅಂತಾರೆ. ಸೋಮವಾರ ಜಡ್ಜಿನ ಮುಂದೆ ವಿಚಾರಣೆ. ಅಲ್ಲಿವರೆಗೆ ಕಾರು ಇಟ್ಕೋ ಅಂದಿದಾರೆ. ಈಗ ಆ ಸಾರ್ಜೆಂಟ್ ಹಾಲ್ವರ್ಸನ್ ಮನೆಗೇ ಬಂದಿದ್ದ. ಹಳೇದೆಲ್ಲ ಮರೆತುಬಿಡು, ನಿನಗೆ ಇಷ್ಟ ಬಂದ ಕಡೆ ಸ್ಪೀಕರ್ ಹಾಕಿಸ್ಕೋ, ನಮ್ಮ ಲೆಕ್ಕ ಅಂದ." ಲೂಷಸ್ ಹಲ್ಲಿನ ಸಂದಿಯಿಂದ ಉಗುಳಿದ. "ಕಚ್ಚಿದ ನಾಯಿ ಮುಲಾಮು ಹಿಡ್ಕೊಂಡು ಬಂದ್ರೆ ಮೊದಲು ಅದರ ಬಾಯಿ ನೋಡ್ಬೇಕು, ಅಲ್ವಾ?"

ವರ್ಲೀನ್ ಕಾಫಿ ಬಗ್ಗಿಸಿದಳು. ಅವನು ಬೇಡವೆಂದ. ಅವಳ ಅಪ್ಪನ ಕಾಲದಿಂದ ಆ ಅಂಗಡಿಯಲ್ಲಿ ಅವನು ಕಾಫಿ ಬೇಡವೆಂದದ್ದಿಲ್ಲ. ಸ್ಟೂಲು ಎಳೆದುಕೊಂಡು ಕೂತ, ಅವಳ ಮುಖ ಬಿಟ್ಟು ಅವಳ ಕೈಗಳನ್ನೇ ನೋಡತೊಡಗಿದ. ಇವನು ಸ್ಪೀಕರಿಗೆ ಬಂದವನಲ್ಲ ಎಂದು ವರ್ಲೀನಳಿಗೆ ಆಗಲೇ ಅನ್ನಿಸಿತು.

ಅವಳು ಕಿಟಕಿಯ ಹಿಡಿ ಬಿಚ್ಚಿ, ಮೊಳೆಗಳನ್ನು ತೆಗೆದು, ಒಳಹೊದಿಕೆಯನ್ನು ಬಾಗಿಲಿನಿಂದ ಎತ್ತಿದಳು. ತಗಡಿನ ತೂತು ಬೆಳಕಿಗೆ ಬಂತು. ಬೆರಳಿನಿಂದ ಅಂಚು ಸವರಿದಳು. ಬೆರಳು ಕೊಯ್ಯಲಿಲ್ಲ. ಅಂಚನ್ನು ಇಕ್ಕಳದಿಂದ ಒಳಕ್ಕೆ ಮಡಿಚಿ, ಸಣ್ಣ ಸುತ್ತಿಗೆಯಿಂದ ತಟ್ಟಿ, ರೊಟ್ಟಿಯಂಚಿನಂತೆ ನಯ ಮಾಡಿದ್ದರು.

ಹಾಗೆ ಅಂಚು ಮಡಿಚುವವರು ಆ ಊರಿನಲ್ಲಿ ಟಿಬ್ಸ್ ಮನೆಯವರ ಹೊರತು ಬೇರೆ ಯಾರೂ ಇರಲಿಲ್ಲ. ಉಳಿದವರು ಗರಗಸ ಓಡಿಸಿ, ಸ್ಪೀಕರು ಕೂರಿಸಿ, ಕೈ ಝಾಡಿಸಿಕೊಳ್ಳುತ್ತಾರೆ; ವರ್ಷದೊಳಗೆ ಅಂಚು ತಂತಿಯನ್ನು ತಿಂದುಹಾಕುತ್ತದೆ. ವರ್ಲೀನಳ ಅಪ್ಪ ಮಾತ್ರ ಮಡಿಚುತ್ತಿದ್ದ. ಮಡಿಚಿದ ಮೇಲೆ ಹೆಂಡತಿಯ ಕೆಂಪು ಉಗುರುಬಣ್ಣದ ಶೀಶೆ ತಂದು ಅಂಚಿಗೆ ಹಚ್ಚುತ್ತಿದ್ದ. ರಸ್ತೆಗೆ ಉಪ್ಪು ಸುರಿಯುವ ಊರಿನಲ್ಲಿ ಬರಿಯ ತಗಡು ಒಂದು ಚಳಿಗಾಲವನ್ನೂ ತಾಳುವುದಿಲ್ಲ. ಈ ಕೆಲಸವನ್ನು ಅವನು ಇಬ್ಬರಿಗೆ ಕಲಿಸಿದ್ದ: ಮಗಳಿಗೆ, ಮಗನಿಗೆ. ಮಗಳು ಉಗುರುಬಣ್ಣ ಮರೆಯುತ್ತಿರಲಿಲ್ಲ. ಮಗನಿಗೆ ಅಷ್ಟು ತಾಳ್ಮೆ ಎಂದೂ ಇರಲಿಲ್ಲ.

ಈ ಅಂಚಿನಲ್ಲಿ ಕೆಂಪಿರಲಿಲ್ಲ.

"ಏನು ಕಾಣ್ತು?" ಲೂಷಸ್ ಕೇಳಿದ.

"ತೂತು."

"ತೂತು ನನಗೂ ಕಾಣುತ್ತೆ ಕಣೇ. ಸುತ್ತ ಏನಿದೆ ಹೇಳು."

"ತಗಡು ಹೊಳೀತಿದೆ, ಮಿಸ್ಟರ್ ಲೂಷಸ್. ಹಳೇ ತೂತಾಗಿದ್ರೆ ಈ ಹೊತ್ತಿಗೆ ಕಂದು ತಿರುಗಿ ಪುಡಿ ಉದುರ್ತಿತ್ತು. ಇದು ಮೊನ್ನೆ ಮೊನ್ನೆ ಕೊರೆದದ್ದು. ಒಣ ಜಾಗದಲ್ಲಿ, ಸೂರಿನ ಕೆಳಗೆ. ಕಾರು ದೊಡ್ಡೀಲಿ ಇದ್ದಾಗ."

"ಅಂದ್ರೆ ಜಡ್ಜು ಇದನ್ನ ನೋಡಿದ್ರೆ..."

"ನೋಡಿದ್ರೆ ಸುಳ್ಳು ಯಾರದ್ದು ಅಂತ ಗೊತ್ತಾಗುತ್ತೆ. ಇದರ ಮೇಲೆ ನಾನು ಸ್ಪೀಕರ್ ಕೂರಿಸಿದ್ರೆ ಅಂಚು ಮುಚ್ಚಿಹೋಗುತ್ತೆ. ಆಮೇಲೆ ಇದು ದೊಡ್ಡ ಸ್ಪೀಕರ್ ಇರೋ ಕಾರು, ಅಷ್ಟೇ. ಇಂಥಾ ಕಾರು ಸದ್ದು ಮಾಡ್ಲಿಲ್ಲ ಅಂದ್ರೆ ಯಾರು ನಂಬ್ತಾರೆ?" ಮುಲಾಮಿನ ಅರ್ಥ ಹೇಳುತ್ತ ಹೇಳುತ್ತ ಅವಳಿಗೇ ಹೊಳೆಯಿತು.

"ಫೋಟೋ ತೆಗೆದಿಟ್ಕೊಳ್ಳೋಣ," ಅಂದಳು ಮತ್ತೆ.

"ನಮ್ಮ ಬೀದಿ ಬ್ಯೂಲಾ ಫೋಟೋ ತಗೊಂಡು ಕೋರ್ಟಿಗೆ ಹೋಗಿದ್ಲು, ಅವಳ ಕಾರು ಎಳ್ಕೊಂಡು ಹೋಗಿದ್ದಾಗ. ಇದು ಯಾವ ಕಾರಿನ ಬಾಗಿಲೋ ಯಾರಿಗೆ ಗೊತ್ತು ಅಂದು ಬಿಸಾಕಿದ್ರು. ಅದಕ್ಕೇ ನಾನು ಜಡ್ಜಿಗೆ ಹೇಳಿದೀನಿ, ಅಂಗಳಕ್ಕೆ ಇಳಿದು ಕಾರೇ ನೋಡಿ ಅಂತ. ನೋಡ್ತೀನಿ ಅಂದಿದಾರೆ." ಲೂಷಸ್ ಮುಂದಕ್ಕೆ ಬಾಗಿದ. "ಈಗ ಇನ್ನೊಂದು ಮಾತು. ಹಿಂಗೆ ಅಂಚು ಮಡಿಚೋದು ಈ ಊರಲ್ಲಿ ಒಂದೇ ಅಂಗಡಿ. ನಿಮ್ಮಪ್ಪ ಮಣ್ಣಲ್ಲಿದ್ದಾನೆ. ಉಳಿದೋರು ಯಾರು?"

"ನನ್ನ ಮೇಲೆ ಅನುಮಾನಾನಾ?"

"ಹೋದ ತಿಂಗಳು ಇಲ್ಲಿ ಪೊಲೀಸ್ ಗಾಡಿ ನಿಂತಿತ್ತು. ಬೀದಿಗೆ ಕಣ್ಣಿಲ್ಲ ಅನ್ಕೊಂಡ್ಯಾ?"

"ಅದಕ್ಕೆ ರೇಡಿಯೊ ಕೂರಿಸ್ದೆ. ಹೊಟ್ಟೆಪಾಡು."

"ಎಲ್ಲರೂ ಅದನ್ನೇ ಹೇಳೋದು ಮಗಳೇ. ದೊಡ್ಡಿ ಗೇಟು ಕಾಯೋನೂ ಅದನ್ನೇ ಹೇಳ್ತಾನೆ."

ವರ್ಲೀನ್ ಮೇಜಿನ ಖಾನೆ ಎಳೆದು ಕೆಂಪು ಶೀಶೆಯನ್ನು ಅವನ ಮುಂದಿಟ್ಟಳು. "ನನ್ನ ಕೈಯಾಗಿದ್ರೆ ಇದು ಹಚ್ಚಿರ್ತಿತ್ತು. ನನ್ನ ಕೆಲಸ ನೀವು ನೋಡಿಲ್ವಾ?"

ಲೂಷಸ್ ಶೀಶೆ ನೋಡಿದ, ಬಾಗಿಲು ನೋಡಿದ. "ಹಾಗಾದ್ರೆ ಇದನ್ನ ಹಚ್ಚದ ಟಿಬ್ಸ್ ಯಾರು?"

ಅವಳು ಶೀಶೆಯನ್ನು ಖಾನೆಗೆ ಹಾಕಿ ಮುಚ್ಚಿದಳು.

"ಕಾರು ಇಲ್ಲೇ ಇರ್ಲಿ," ಅಂದ ಅವನು, ಏಳುತ್ತ. "ನಮ್ಮನೆ ಮುಂದೆ ಇದ್ರೆ ಒಂದು ಬೆಳಿಗ್ಗೆ ಇರಲ್ಲ. ನಿನ್ನ ಹತ್ರ ಬೀಗ ಇದೆ. ಬೀಗದ ಕೈ ಯಾರ ಕಡೆಗೆ ತಿರುಗುತ್ತೋ ನೋಡೋಣ."

*

ತಮ್ಮ ಆರ್ವೆಲ್ ಮಧ್ಯಾಹ್ನದ ಹೊತ್ತು ಎಲ್ಲಿರುತ್ತಾನೆಂದು ವರ್ಲೀನಳಿಗೆ ಗೊತ್ತಿತ್ತು. ಮುಚ್ಚಿದ ಕಾರ್ಖಾನೆಯ ಎದುರಿನ ಹಾಟ್‌ಡಾಗ್ ಅಂಗಡಿಯಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವಂತೆ ಕೂತಿದ್ದ. ಜೈಲಿನಲ್ಲಿ ಒಂದು ವರ್ಷ ಕಳೆದು ಬಂದ ಮೇಲೆ ಅವನು ಹಾಗೇ ಕೂರುವುದು. ಅಲ್ಲಿಂದ ಬಂದವನಿಗೆ ಯಾರೂ ಕೆಲಸ ಕೊಡದಿದ್ದಾಗ ಕೊಟ್ಟದ್ದು ದೊಡ್ಡಿ, ಕೊಡಿಸಿದ್ದು ಹಾಲ್ವರ್ಸನ್.

"ಲೂಷಸ್ ಕಾರು ನನ್ನಂಗಡೀಲಿದೆ," ಅಂದಳು ವರ್ಲೀನ್, ಎದುರು ಕೂತು.

"ಓ. ಹೇಗಿದಾರೆ ಮುದುಕಪ್ಪ?"

"ಬಾಗಿಲು ಬಿಚ್ಚಿ ನೋಡ್ದೆ."

ಅವನು ಈರುಳ್ಳಿಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದ. "ನಿನ್ನ ಜೊತೆ ಯಾರಾದ್ರೂ ಬಂದಿದಾರಾ?"

"ಯಾರು ಬರ್ಬೇಕಿತ್ತು?"

"ಯಾರಿಲ್ಲ. ಕೇಳ್ದೆ."

"ಆರ್ವೆಲ್, ಅಂಚು ಮಡಿಚಿದ್ದು ನೀನೇ. ಬಣ್ಣ ಹಚ್ಚದೆ ಬಿಟ್ಟಿದ್ದೂ ನೀನೇ. ಅಪ್ಪನ ಹತ್ರ ಅದಕ್ಕೇ ಎಷ್ಟು ಸಲ ಬೈಸ್ಕೊಂಡಿದೀಯ. ಈಗ ಇಲ್ಲ ಅನ್ಬೇಡ."

ಅವನು ಇಲ್ಲವೆಂದ. ಎರಡನೆಯ ಸಲ ಇಲ್ಲವೆನ್ನಲು ಹೋಗಿ ಸುತ್ತ ನೋಡಿದ. ಆಮೇಲೆ ದನಿ ತಗ್ಗಿಸಿದ. "ಹರಾಜಿಗೆ ಹೋಗೋ ಕಾರು ಅಂದ್ರು ಅಕ್ಕಾ. ಒಳ್ಳೇ ಸ್ಪೀಕರ್ ಇದ್ರೆ ಹುಡುಗರು ಜಾಸ್ತಿ ಕೂಗ್ತಾರೆ ಅಂದ್ರು. ಲೂಷಸ್ ಬರಲ್ಲ, ಬಿಟ್ಟುಬಿಡ್ತಾನೆ ಅಂದ್ರು. ಎಲ್ಲರೂ ಬಿಟ್ಟುಬಿಡ್ತಾರೆ. ಬಿಡಿಸ್ಕೊಳ್ಳೋಕೆ ಕೇಳೋ ದುಡ್ಡು ಕಾರಿನ ಬೆಲೆಗಿಂತ ಜಾಸ್ತಿ ಆಗೋವರೆಗೂ ಇಟ್ಕೋತಾರೆ, ಆಮೇಲೆ ಯಾರು ಬರ್ತಾರೆ? ಈ ಮುದುಕ ಬಂದ್ಬಿಟ್ಟ. ಜಡ್ಜಿನ ಹತ್ರಾನೇ ಹೋದ. ಅದಕ್ಕೆ ಅವಸರದಲ್ಲಿ ಸ್ಪೀಕರ್ ಕೀಳಿಸಿದ್ರು."

ಸಂತೆಗೆ ಹೊಡೆಯುವ ಎತ್ತಿನ ಕೊಂಬು ಹೆರೆದ ಹಾಗೆ, ಕದ್ದ ಕಾರನ್ನು ಸಿಂಗರಿಸಿದ್ದರು. ಒಡೆಯನಿನ್ನೂ ಬದುಕಿರುವಾಗಲೇ.

"ಆ ಸ್ಪೀಕರ್ ಯಾರದ್ದು?"

ಆರ್ವೆಲ್ ಬಾಗಿಲ ಕಡೆ ನೋಡಿದ.

"ಇನ್ನೊಬ್ಬರ ಕಾರಿಂದ ಕಿತ್ತಿದ್ದು. ಅಲ್ವಾ?"

"ಹಾಕಿಬಿಡು ಅಕ್ಕಾ," ಅಂದ ಅವನು. "ಸ್ಪೀಕರ್ ಕೂರಿಸಿದ್ರೆ ಮುಗೀತು. ಲೂಷಸ್ ಕಾರು ಕಳ್ಕೋತಾನೆ, ಕಳ್ಕೊಳ್ಳಲಿ, ಕಾರು ತಾನೇ. ಇದು ಹೊರಗೆ ಬಂದ್ರೆ ಹಾಲ್ವರ್ಸನ್ ಬಾಯಲ್ಲಿ ಬರೋದು ನನ್ನ ಹೆಸರು. ಕೊರೆದೋನು ಯಾರು? ಆರ್ವೆಲ್. ಕೊರೆಸಿದೋನು ಯಾರು ಅಂತ ಯಾವನಾದ್ರೂ ಕೇಳ್ತಾನಾ? ಮತ್ತೆ ಒಳಗೆ ಹಾಕ್ತಾರೆ. ಈ ಸಲ ಬೇಗ ಬಿಡಲ್ಲ."

"ನೀನೇ ಹೋಗಿ ಜಡ್ಜಿಗೆ ಹೇಳು. ನಾನೂ ಬರ್ತೀನಿ ಜೊತೆಗೆ."

"ಬರ್ತೀಯ. ವಾಪಸ್ ಬರೋವಾಗ ಒಬ್ಬಳೇ ಬರ್ತೀಯ." ಅವನು ಅವಳನ್ನು ಅಪರಿಚಿತಳನ್ನು ನೋಡುವಂತೆ ನೋಡಿದ. "ಲೂಷಸ್ ಕಳಿಸಿದ್ನಾ ನಿನ್ನ? ನಿಜ ಹೇಳು. ನನ್ನ ಬಾಯಿ ಬಿಡಿಸ್ಕೊಂಡು ಬಾ ಅಂದ್ನಾ?"

ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ಮೇಜಿನ ಆಚೀಚೆ ಕೂತು ಪರಸ್ಪರರ ಕೈಗಳನ್ನು ನೋಡಿಕೊಂಡರು. ಇದನ್ನೂ ಆ ಸದ್ದಿನ ಕಾನೂನೇ ಮಾಡಿತ್ತು.

*

ಅಂದಿನಿಂದ ವರ್ಲೀನಳಿಗೆ ಯಾರ ಮೇಲೂ ನಂಬಿಕೆ ಉಳಿಯಲಿಲ್ಲ. ಬೀದಿಯಾಚೆ ಒಂದು ಹಳೆಯ ಪಿಕಪ್ ದಿನವಿಡೀ ನಿಂತಿರುತ್ತಿತ್ತು. ಒಳಗೆ ಲೂಷಸ್‌ನ ಷಡ್ಡಕ ಟೋಪಿಯನ್ನು ಮೂಗಿಗೆ ಎಳೆದುಕೊಂಡು ನಿದ್ದೆಯ ನಟನೆ ಮಾಡುತ್ತಿದ್ದ. ಅವನ ಹಿಂದೆಯೇ ಪೊಲೀಸ್ ಗಾಡಿ ನಿಧಾನವಾಗಿ ದಾಟಿಹೋಗುತ್ತಿತ್ತು. ಚರ್ಚಿನ ಹೆಂಗಸರು ಎದುರಾದಾಗ "ಹೇಗಿದೀಯ ಮಿಸ್ ವರ್ಲೀನ್" ಅನ್ನುತ್ತಿದ್ದರು, ಉತ್ತರಕ್ಕೆ ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಶಟರಿನ ಬೀಗದ ಸುತ್ತ ಹೊಸ ಗೀರುಗಳು ಕಂಡವು. ಯಾರೋ ಸಲಾಕೆ ತುರುಕಿ ನೋಡಿದ್ದರು. ಪೊಲೀಸರೋ? ತಮ್ಮನೋ? ಅವಳನ್ನು ಪರೀಕ್ಷಿಸಲು ಲೂಷಸ್‌ನ ಕಡೆಯವರೋ? ಅವಳು ಬೀಗ ಬದಲಿಸಿದಳು, ಆ ಬೀಗ ಮಾರಿದವನ ಮೇಲೂ ಅನುಮಾನಪಟ್ಟಳು.

ಇದೆಲ್ಲದರ ನಡುವೆ ಅವಳನ್ನು ಅತಿ ಹೆಚ್ಚು ಕಾಡಿದ್ದು ತನ್ನದೇ ಕೈ. ಹಿಮ ಕರಗಿ ಗಾಳಿ ಹಸಿಯಾಗಿತ್ತು. ಹೊಳೆಯುವ ಅಂಚಿನ ಮೇಲೆ ತೆಳ್ಳಗೆ, ಕೇಸರಿ ನೆರಳಿನಂಥ ತುಕ್ಕು ಕೂರತೊಡಗಿತ್ತು. ತುಕ್ಕು ಕಂಡರೆ ಅವಳ ಕೈ ತಾನಾಗಿಯೇ ಶೀಶೆಗೆ ಹೋಗುತ್ತದೆ. ಅಪ್ಪ ಕಲಿಸಿದ್ದೇ ಹಾಗೆ, ಬರಿಯ ತಗಡನ್ನು ಬಿಟ್ಟು ಮಲಗಬೇಡ ಎಂದು. ಆದರೆ ಬಣ್ಣ ಹಚ್ಚಿದರೆ ಸಾಕ್ಷಿ ಸತ್ತಿತು. ಹಚ್ಚದಿದ್ದರೆ ಲೂಷಸ್ ಒತ್ತಿದ ಬಾಗಿಲು ಅವಳ ಕಣ್ಣೆದುರೇ ಸಾಯತೊಡಗಿತ್ತು. ಒಮ್ಮೆ ಶೀಶೆಯ ಮುಚ್ಚಳ ತಿರುಗಿಸಿಯೂ ಬಿಟ್ಟಳು. ವಾಸನೆ ಮೂಗಿಗೆ ಬಡಿಯಿತು. ಮುಚ್ಚಿ, ಹೊರಗೆ ಹೋಗಿ, ಶೀಶೆಯನ್ನು ಕಸದ ಡಬ್ಬಕ್ಕೆ ಎಸೆದು ಬಂದಳು. ಕಾರಿನ ಸುತ್ತ ವಿದ್ಯುತ್ ಹೀಟರು ಉರಿಸಿ ಗಾಳಿಯನ್ನು ಒಣಗಿಸುತ್ತ ಕೂತಳು, ಕಾಯಿಲೆಯ ಮಗುವನ್ನು ಕಾಯುವ ಹಾಗೆ.

ಲೂಷಸ್ ಗುರುವಾರ ಬಂದ. ಬಾಗಿಲು ನೋಡಿದ, ಹೀಟರು ನೋಡಿದ.

"ಕಾಫಿ ಇದೆಯಾ?" ಅಂದ.

ಅವಳು ಕೊಟ್ಟಳು. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ಆದರೆ ತುಟಿಗೆ ಒಯ್ಯಲಿಲ್ಲ. "ನಿನ್ನ ತಮ್ಮ ಅಂತ ಮೊದಲೇ ಗೊತ್ತಿತ್ತು ನನಗೆ. ನಿನ್ನ ಬಾಯಿಂದ ಬರುತ್ತಾ ಅಂತ ಕಾಯ್ತಿದ್ದೆ."

"ನನ್ನ ಬಾಯಿಂದ ಬರಲ್ಲ, ಮಿಸ್ಟರ್ ಲೂಷಸ್. ಬಾಗಿಲು ಇದ್ದ ಹಾಗೇ ಕೊಡ್ತೀನಿ. ಅದಕ್ಕಿಂತ ಜಾಸ್ತಿ ಕೇಳ್ಬೇಡಿ."

"ಜಾಸ್ತಿ ಕೇಳ್ತಾ ಇಲ್ಲ. ಅಷ್ಟಾದ್ರೂ ಕೊಡ್ತೀಯಾ ಅನ್ನೋದೇ ಅನುಮಾನ." ತುಂಬಿದ ಲೋಟವನ್ನು ಮೇಜಿನ ಮೇಲಿಟ್ಟು ಹೋದ.

*

ಶುಕ್ರವಾರ ಬೆಳಿಗ್ಗೆ, ಎದುರಿನ ಚರ್ಚಿನ ಹಿತ್ತಲಲ್ಲಿ ಮೀನು ಕರಿಯಲು ಎಣ್ಣೆ ಕಾಯಿಸುತ್ತಿದ್ದ ಹೊತ್ತಿಗೆ, ಹಾಲ್ವರ್ಸನ್ ಬಂದ. ಹಿಂದೆ ರಟ್ಟಿನ ಪೆಟ್ಟಿಗೆ ಹೊತ್ತು ಆರ್ವೆಲ್.

"ಗುಡ್ ಮಾರ್ನಿಂಗ್ ವರ್ಲೀನ್," ಅಂದ ಸಾರ್ಜೆಂಟ್, ನಗುತ್ತ. ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಈಚೆ ದಡದ ಯಾರನ್ನೂ ಅವನು ಮಿಸ್ಟರ್ ಎಂದಾಗಲಿ ಮಿಸ್ ಎಂದಾಗಲಿ ಕರೆದದ್ದಿಲ್ಲ. "ಕೆಲಸ ಇನ್ನೂ ಆಗಿಲ್ವಂತೆ? ನಿನ್ನ ಹತ್ರ ಸಾಮಾನಿಲ್ಲವೇನೋ ಅಂತ ನಾವೇ ತಂದಿದೀವಿ. ಏನು ಬೇಕು ಹೇಳು, ಎಲ್ಲ ಇದೆ."

ವರ್ಲೀನ್ ಪೆಟ್ಟಿಗೆ ತೆರೆದಳು. ಪೆಟ್ಟಿಗೆ ಹೊಸದು. ಸ್ಪೀಕರುಗಳ ಅಂಚಿನ ತೂತುಗಳಲ್ಲಿ ತಿರುಪುಮೊಳೆ ಹಾಕಿ ತೆಗೆದು ಸವೆದ ಗುರುತು. "ಇವು ಒಂದ್ಸಲ ಕೂತಿದ್ದವು ಸಾರ್ಜೆಂಟ್."

"ಹಳೇದಾದ್ರೂ ಒಳ್ಳೇದು. ಈ ಕಾರಿನ ಹಾಗೆ." ಅವನು ಕಾರಿನ ಮೂತಿಯ ಮೇಲೆ ಕೈಯಾಡಿಸಿದ. "ಲೂಷಸ್ ಸ್ಪೀಕರ್ ಬೇಕು ಅಂತ ತಾನೇ ತಂದು ಬಿಟ್ಟಿದ್ದು? ಒಡೆಯ ಕೇಳಿದಾನೆ, ನಾವು ಕೊಡ್ತಿದೀವಿ. ನೀನು ಕೂರಿಸು. ಇವತ್ತೇ."

"ಲೂಷಸ್ ಬಂದು ಹೇಳ್ಲಿ."

"ನಾನು ಹೇಳ್ತಾ ಇದೀನಿ." ನಗು ಹಾಗೇ ಇತ್ತು. "ನಮ್ಮ ಗಾಡಿಗಳ ರೇಡಿಯೊ ಕೆಲಸ ಈ ಅಂಗಡೀಲೇ ಆಗ್ತಾ ಇರ್ಲಿ ಅಂತ ನನ್ನಾಸೆ. ಈ ಅಂಗಡೀಲಿ ಬೇರೆ ಏನೇನು ಆಗುತ್ತೆ ಅಂತ ಯಾರೂ ಹುಡುಕೋಕೆ ಬರೋದು ಬೇಡ ಅಂತಾನೂ. ನಿನಗೆ ಆಗಲ್ಲ ಅಂದ್ರೆ ಆರ್ವೆಲ್ ಕೂರಿಸ್ತಾನೆ. ಬಾಗಿಲ ಕೆಲಸ ಚೆನ್ನಾಗಿ ಬರುತ್ತೆ ಅವನಿಗೆ. ಅಲ್ವೇನೋ ಆರ್ವೆಲ್?"

ಆರ್ವೆಲ್ ನೆಲ ನೋಡುತ್ತ ಹೌದೆಂಬಂತೆ ತಲೆಯಾಡಿಸಿದ. ಗೋಡೆಯ ಮೊಳೆಯಿಂದ ಡ್ರಿಲ್ ಇಳಿಸಿಕೊಂಡ. ಆ ಮೊಳೆ ಎಲ್ಲಿದೆಯೆಂದು ಅವನು ಹುಡುಕಬೇಕಾಗಿರಲಿಲ್ಲ. ವರ್ಲೀನ್ ಅವನ ಮುಖ ಓದಲು ನೋಡಿದಳು. ಬೀಗದ ಮೇಲಿನ ಗೀರು ಇವನದ್ದೇ ಇರಬಹುದೆ? ಇವನೇ ಇವತ್ತು ಪೊಲೀಸನನ್ನು ಕರೆತಂದನೆ, ಅಥವಾ ಪೊಲೀಸನೇ ಇವನನ್ನು ಎಳೆತಂದನೆ? ಮುಖ ಏನನ್ನೂ ಹೇಳಲಿಲ್ಲ.

ಹೊರಗೆ ಪಿಕಪ್ಪಿನ ಬಾಗಿಲು ತೆರೆದ ಸದ್ದು. ಚರ್ಚಿನ ಹಿತ್ತಲಿಂದ ಹೆಂಗಸರು ಜಾಲರಿ ಸೌಟುಗಳನ್ನು ಹಿಡಿದೇ ಬೀದಿಗೆ ಬಂದು ನಿಂತಿದ್ದರು. ಯಾರೂ ಒಳಗೆ ಬರಲಿಲ್ಲ. ಎಲ್ಲರೂ ನೋಡುತ್ತಿದ್ದರು.

ತಮ್ಮನನ್ನು ಉಳಿಸುವ ದಾರಿ ಒಂದೇ ಇತ್ತು. ಅದು ಆ ರಟ್ಟಿನ ಪೆಟ್ಟಿಗೆಯಲ್ಲಿತ್ತು. ವರ್ಲೀನ್ ಅದನ್ನು ತಿಳಿದೇ ಸ್ಟೂಲು ಎತ್ತಿಕೊಂಡಳು. ಕಾರಿನ ಒಂದು ಬದಿ ಗೋಡೆಗೆ ಒತ್ತಿ ನಿಂತಿತ್ತು, ಆ ಬಾಗಿಲು ತೆರೆಯುವಂತಿರಲಿಲ್ಲ. ತೆರೆದಿದ್ದ ಬಾಗಿಲಿಗೂ ಕಾರಿಗೂ ನಡುವೆ ಸ್ಟೂಲು ಇಟ್ಟು ಕೂತು, ಬೆನ್ನನ್ನು ಬಾಗಿಲಿಗೆ ಒರಗಿಸಿದಳು. ಮಡಿಚಿದ ಅಂಚು ಅಂಗಿಯೊಳಗಿಂದ ಬೆನ್ನಿಗೆ ತಣ್ಣಗೆ ತಗುಲಿತು.

"ಅವಳನ್ನ ಎಬ್ಬಿಸು," ಅಂದ ಹಾಲ್ವರ್ಸನ್. ಈಗ ಅವನು ನಗುತ್ತಿರಲಿಲ್ಲ.

ಆರ್ವೆಲ್ ಹತ್ತಿರ ಬಂದ. ಅವಳ ಮಂಡಿಗೆ ತಾಕುವಷ್ಟು ಹತ್ತಿರ. "ಎದ್ದೇಳು ಅಕ್ಕಾ," ಅಂದ, ಅವಳಿಗೊಬ್ಬಳಿಗೇ ಕೇಳುವ ಹಾಗೆ. "ನಿನ್ನ ದಮ್ಮಯ್ಯ. ಸೋಮವಾರ ನನ್ನ ಕರ್ಕೊಂಡು ಹೋಗ್ತಾರೆ. ಗೊತ್ತಲ್ವಾ ನಿನಗೆ? ಗೊತ್ತಿದ್ದೂ ಕೂತಿದೀಯಾ?"

"ಗೊತ್ತು."

"ಹಾಗಾದ್ರೆ ಏಳು."

"ಏಳಲ್ಲ," ಅಂದಳು ವರ್ಲೀನ್.